ನಾಲ್ಕನೇ ನಂಬರಿನ ಕಾರ್ಡ್

2013ರ ಬೇಸಿಗೆಯಲ್ಲಿ ನನ್ನ ಕಂಪ್ಯೂಟರ್ ದಿನಕ್ಕೊಂದು ಸಲವಾದರೂ ಸಾಯುತ್ತಿತ್ತು. ಕಾರಿನ ರೇಸ್ ಆಡಲು ಕುಳಿತು ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ ಒಳಗಿನ ಫ್ಯಾನು ಕಿರುಚಲು ಶುರುಮಾಡುತ್ತಿತ್ತು. ರಸ್ತೆ, ಮರ, ಆಕಾಶ ಎಲ್ಲ ಚೂರುಚೂರಾಗುತ್ತಿದ್ದವು. ಆಮೇಲೆ ಪರದೆ ಕಪ್ಪು. ಹಿಂಬದಿಗೆ ಕೈ ಹಿಡಿದರೆ ಬಿಸಿ ಗಾಳಿ ರಾಚುತ್ತಿತ್ತು, ಕಾದ ಪ್ಲಾಸ್ಟಿಕ್ಕಿನ ವಾಸನೆ ಬರುತ್ತಿತ್ತು.

ನಾನಾಗ ಗಡಿನಾಡಿನ ಕುಂಬಳೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಿದ್ದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಮದುವೆ ಕಾಗದ, ಗೃಹಪ್ರವೇಶದ ಕಾಗದ, ಕನ್ನಡದಲ್ಲೊಂದು ಮಲಯಾಳದಲ್ಲೊಂದು ನೋಟೀಸು. ಅಕ್ಷರಗಳನ್ನು ಸಾಲಿಗೆ ಕೂರಿಸಿ ಕೂರಿಸಿ ಕಣ್ಣು ಬತ್ತಿಹೋಗುತ್ತಿತ್ತು. ಮನೆಗೆ ಬಂದು ಚಹಾ ಕುಡಿದು ಒಂದು ಗಂಟೆ ಯಾರೂ ಅಡ್ಡ ಬರದ ರಸ್ತೆಯಲ್ಲಿ ಕಾರು ಓಡಿಸುವುದು ನನ್ನ ದಿನದ ಸುಖ. ನಿಜವಾದ ಕಾರು ಓಡಿಸಲು ನನಗೆ ಇವತ್ತಿಗೂ ಬರುವುದಿಲ್ಲ. ಆ ಆಟಕ್ಕೆಂದೇ ಪರದೆಯ ಚಿತ್ರ ಓಡಿಸುವ ಒಳ್ಳೆಯ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಕಂಪ್ಯೂಟರ್ ಮಾಡಿಸಿಕೊಂಡಿದ್ದೆ. ಮಾಡಿಕೊಟ್ಟವರು ಭಾವ, ಅಂದರೆ ಅಕ್ಕನ ಗಂಡ. ಹೊಸಂಗಡಿಯಲ್ಲಿ ಅವರದ್ದು ಕಂಪ್ಯೂಟರ್ ರಿಪೇರಿಯ ಅಂಗಡಿ. ಇನ್ನೊಬ್ಬರ ಹತ್ತಿರ ಹೋಗುವ ಯೋಚನೆಯೇ ನನಗೆ ಬಂದಿರಲಿಲ್ಲ.

ಮೊದಲ ಸಲ ಸತ್ತಾಗ ಫೋನು ಮಾಡಿದೆ. "ನಿಮ್ಮಲ್ಲಿ ವೋಲ್ಟೇಜ್ ಇಲ್ಲ ಮಾರಾಯ್ತಿ. ಒಂದು ಯುಪಿಎಸ್ ಹಾಕು" ಎಂದರು. ಹಾಕಿದೆ. ಸರಿಯಾಗಲಿಲ್ಲ. "ನಿನ್ನ ಕೋಣೆಗೆ ಪಡುವಣ ಬಿಸಿಲು ಬೀಳ್ತದೆ. ಚಾವಡಿಗೆ ಇಡು" ಎಂದರು. ಮೇಜನ್ನು ಮನೆಯ ಮುಂಭಾಗದ ಚಾವಡಿಗೆ ಎಳೆದೆವು. ಬಂದು ಹೋಗುವವರೆಲ್ಲ ನನ್ನ ಬೆನ್ನ ಹಿಂದೆ ನಿಂತು ನೋಡತೊಡಗಿದರು. ಅಮ್ಮನಿಗೆ ನಾಚಿಕೆ. "ಹೆಣ್ಣು ಮಕ್ಕಳಿಗೆ ಎಂತಕ್ಕೆ ಈ ಆಟ?" ಅಲ್ಲಿಯೂ ಅದು ಇಪ್ಪತ್ತು ನಿಮಿಷಕ್ಕೇ ಸತ್ತಿತು. ಮೂರನೆಯ ಸಲ ಭಾವ ಅದನ್ನು ಅಂಗಡಿಗೆ ಒಯ್ದು ಎರಡು ದಿನ ಇಟ್ಟುಕೊಂಡು, "ಒಳಗೆಲ್ಲ ಬ್ಲೋವರ್ ಹಾಕಿ ಕ್ಲೀನ್ ಮಾಡಿದ್ದೇನೆ" ಎಂದು ತಂದಿಟ್ಟರು. ಬದಿಯ ಮುಚ್ಚಳದ ತಿರುಪಿನ ಮೇಲೆ ಒಂದು ಸಣ್ಣ ಬಿಳಿ ಸ್ಟಿಕ್ಕರ್ ಇತ್ತು. ಅದು ಹರಿದರೆ ವಾರಂಟಿ ಹೋಗುತ್ತದೆ, ಮುಟ್ಟಬೇಡ ಎಂದು ಮತ್ತೊಮ್ಮೆ ನೆನಪಿಸಿದರು.

ಅದು ಮತ್ತೆ ಸತ್ತ ಭಾನುವಾರ ಅಕ್ಕ ಭಾವ ಇಬ್ಬರೂ ನಮ್ಮಲ್ಲಿ ಊಟಕ್ಕೆ ಬಂದಿದ್ದರು. ಭಾವ ಬಾಳೆಲೆಯಿಂದ ತಲೆ ಎತ್ತದೆ ಹೇಳಿದರು: "ಮೆಷಿನಿನದ್ದು ಎಂತದೂ ಇಲ್ಲ ಅತ್ತೆ. ಇವಳು ಆಡುವ ಆಟ ಹಾಗೆ. ಎಷ್ಟು ಅಂತ ತಡಕೊಳ್ತದೆ ಅದು?"

ಅಮ್ಮ ನನ್ನನ್ನು ನೋಡಿದರು. ಅಕ್ಕ ಪಾಯಸದ ಪಾತ್ರೆಯಲ್ಲಿ ಸೌಟು ಆಡಿಸುತ್ತಾ, "ಸ್ವಲ್ಪ ಕಮ್ಮಿ ಮಾಡು" ಎಂದಳು.

ನಾನು ಕ್ಷಮೆ ಕೇಳಿದೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. "ಸಾರಿ ಭಾವ, ನಿಮಗೆ ಸುಮ್ಮನೆ ತೊಂದರೆ ಕೊಟ್ಟೆ. ಇನ್ನು ಹೆಚ್ಚು ಆಡುವುದಿಲ್ಲ" ಎಂದೆ. ಅವರು ದೊಡ್ಡ ಮನಸ್ಸಿನಿಂದ ನಕ್ಕು, "ಆಯ್ತು ಬಿಡು" ಎಂದರು.

ಹೆಚ್ಚು ಆಡದಿದ್ದರೂ ಅದು ಸಾಯುತ್ತಿತ್ತು. ಆಗ ನಾನು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದೆ. ಎಷ್ಟು ಹೊತ್ತಿಗೆ ಹಚ್ಚಿದೆ, ಎಂತ ಮಾಡುತ್ತಿದ್ದೆ, ಯಾವಾಗ ಸತ್ತಿತು. ಪ್ರೆಸ್ಸಿನ ಕೆಲಸ ತಂದು ಮೂರು ಗಂಟೆ ಟೈಪ್ ಮಾಡಿದರೂ ಏನೂ ಆಗುತ್ತಿರಲಿಲ್ಲ. ಆಟ ಹಾಕಿದರೆ ಮಾತ್ರ ಸಾವು. ಒಳಗಿನ ಬಿಸಿ ತೋರಿಸುವ ಒಂದು ಸಣ್ಣ ಸಾಫ್ಟ್‌ವೇರ್ ಉಂಟೆಂದು ಇಂಟರ್ನೆಟ್ಟಿನಲ್ಲಿ ಓದಿ ಹಾಕಿಕೊಂಡೆ. ಸಾಯುವ ಹೊತ್ತಿಗೆ ಪ್ರೊಸೆಸರ್ ಅರವತ್ತು ಡಿಗ್ರಿಯಲ್ಲಿರುತ್ತಿತ್ತು, ಅದರ ಮಟ್ಟಿಗೆ ತಣ್ಣಗೇ. ಗ್ರಾಫಿಕ್ಸ್ ಕಾರ್ಡ್ ಮಾತ್ರ ನೂರು ದಾಟುತ್ತಿತ್ತು. ಐದು ಸಂಜೆ ಬರೆದೆ, ಐದು ಸಲವೂ ಅದೇ. ವೋಲ್ಟೇಜೂ ಅಲ್ಲ, ಬಿಸಿಲೂ ಅಲ್ಲ.

ಮನೆಯವರೆಲ್ಲ ಪೆರ್ಲದ ಕಡೆ ಒಂದು ಮದುವೆಗೆ ಹೋಗಿದ್ದ ದಿನ, ಮಧ್ಯಾಹ್ನ, ಚಾವಡಿಯ ನೆಲದಲ್ಲಿ ಚಾಪೆ ಹಾಸಿ ಆ ಬಿಳಿ ಸ್ಟಿಕ್ಕರನ್ನು ಉಗುರಿನಿಂದ ಕೆರೆದು ತೆಗೆದೆ. ಯಾವ ವಯರು ಎಲ್ಲಿತ್ತೆಂದು ಮರೆಯದಿರಲು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡೆ. ಕಾರ್ಡನ್ನು ಎರಡೂ ಕೈಯಿಂದ ಹಿಡಿದು ಮೆಲ್ಲ ಹೊರಗೆಳೆದೆ.

ಅದರ ಫ್ಯಾನನ್ನು ಬೆರಳಿನಿಂದ ತಿರುಗಿಸಿದರೆ ಅರ್ಧ ಸುತ್ತಿಗೇ ನಿಲ್ಲುತ್ತಿತ್ತು. ಅದರ ಅಡಿಯ ಲೋಹದ ಪಟ್ಟಿಗಳ ನಡುವೆ ಧೂಳು ಹಳೆಯ ಕಂಬಳಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ಐದು ತಿಂಗಳ ಹಿಂದೆ ಹೊಸದಾಗಿ ಕೊಂಡ, ಹದಿನೈದು ದಿನದ ಹಿಂದೆ ಕ್ಲೀನ್ ಮಾಡಿದ ಕಾರ್ಡು! ಚಿಮುಟದಿಂದ ಆ ಧೂಳನ್ನು ಪದರ ಪದರವಾಗಿ ಕಿತ್ತೆ. ಅಂಚಿನಲ್ಲಿ ಸಣ್ಣದೊಂದು ಚೀಟಿ ಅಂಟಿಸಿದ್ದು ಕಂಡಿತು. ಕೆಂಪು ಮಾರ್ಕರಿನಲ್ಲಿ ಬರೆದ ಕನ್ನಡದ ೪.

ಆ ಅಕ್ಷರ ನನ್ನದು.

ಎರಡು ವರ್ಷದ ಹಿಂದೆ ಭಾವ ಅಂಗಡಿಯ ಮಾಳಿಗೆಯಲ್ಲಿ ಗೇಮ್ ಸೆಂಟರ್ ತೆರೆದಿದ್ದರು. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ನಾನು ಒಂದು ವಾರ ಹೋಗಿ ಸಹಾಯ ಮಾಡಿದ್ದೆ. ಯಾರೂ ಒಳಗಿನ ಸಾಮಾನು ಬದಲಾಯಿಸಬಾರದೆಂದು ಒಂದೊಂದಕ್ಕೂ ಮೆಷಿನಿನ ನಂಬರು ಬರೆದು ಚೀಟಿ ಅಂಟಿಸಲು ನನಗೆ ಹೇಳಿದವರು ಅವರೇ. ಸೆಂಟರ್ ವರ್ಷದೊಳಗೆ ಮುಚ್ಚಿತು. ಅದರ ನಾಲ್ಕನೇ ಮೆಷಿನಿನ ಕಾರ್ಡು ನನ್ನ ಮಡಿಲಲ್ಲಿತ್ತು. ಆ ಚಾಪೆಯ ಮೇಲೆ ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಅಳು ಬರಲಿಲ್ಲ. ಪಾಯಸದ ಪಾತ್ರೆಯೆದುರು ನಾನು ಕೇಳಿದ ಕ್ಷಮೆ ಮಾತ್ರ ಮತ್ತೆ ಮತ್ತೆ ಕಿವಿಗೆ ಬೀಳುತ್ತಿತ್ತು.

ಮರುದಿನ ಪ್ರೆಸ್ಸಿಗೆ ಅರ್ಧ ದಿನ ರಜೆ ಹಾಕಿ, ಕಾರ್ಡನ್ನು ಪೇಪರಿನಲ್ಲಿ ಸುತ್ತಿ ಹೊಸಂಗಡಿಯ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಭಾವ ಒಬ್ಬರೇ ಇದ್ದರು. ಪೇಪರು ಬಿಚ್ಚಿ ಅವರ ಮುಂದಿಟ್ಟೆ.

"ನೀನೇ ಬಿಚ್ಚಿದೆಯಾ? ವಾರಂಟಿ ಹೋಯ್ತಲ್ಲ" ಎಂದರು.

"ಯಾವುದರ ವಾರಂಟಿ ಭಾವ?" ಚೀಟಿಯನ್ನು ತೋರಿಸಿದೆ.

ಅವರು ಕಾರ್ಡನ್ನು ಪೇಪರಿನ ಮೇಲೆ ಬೋರಲು ಹಾಕಿದರು. ಆಮೇಲೆ ಹೇಳಿದರು: "ನಿನಗೆ ಅಂತ ಹೊಸತು ತರಿಸಿದ್ದು ಹೌದು. ಅಷ್ಟರಲ್ಲಿ ಒಬ್ಬರು ಅರ್ಜೆಂಟ್ ಬೇಕು ಅಂದರು, ಅವರಿಗೆ ಹಾಕಿದೆ. ಹೊರಗಿನವರಿಗೆ ಹಳೆಯದು ಹಾಕಿದರೆ ಅಂಗಡಿಯ ಹೆಸರು ಹಾಳಾಗ್ತದೆ. ನೀನು ಮನೆಯವಳಲ್ವಾ? ಅಡ್ಜಸ್ಟ್ ಮಾಡ್ತಿ ಅಂತ ಗ್ರಹಿಸಿದೆ."

"ಮತ್ತೆ ನನ್ನ ಆಟದ್ದೇ ತಪ್ಪು ಅಂತ ಅಮ್ಮನ ಎದುರು ಹೇಳಿದ್ದು?"

"ಬೇರೆ ಎಂತ ಹೇಳಲಿ ನಾನು?"

ನಿಜಕ್ಕೂ ಬೇರೆ ಮಾತೇ ಇಲ್ಲವೆಂಬಂತೆ ಕೇಳಿದರು. ಕಾರ್ಡನ್ನು ಅಲ್ಲಿಯೇ ಬಿಟ್ಟು ಹೊರಟೆ. ಬಸ್‌ಸ್ಟ್ಯಾಂಡಿನಿಂದ ಅಕ್ಕನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ಸಿಟ್ಟಾಗುತ್ತಾಳೆ, ನನ್ನ ಪರ ನಿಲ್ಲುತ್ತಾಳೆ ಎಂದುಕೊಂಡಿದ್ದೆ.

"ನಂಗೆ ಗೊತ್ತಿತ್ತು" ಎಂದಳು. "ಬೇಡ ಅಂತ ಹೇಳಿದ್ದೆ. ಅವಳಿಗೆ ಎಲ್ಲಿ ಗೊತ್ತಾಗ್ತದೆ ಅಂದರು."

ಭಾವ ಮಾಡಿದ್ದಕ್ಕಿಂತ ಹೆಚ್ಚು ಅದು ಚುಚ್ಚಿತು. ನಾವಿಬ್ಬರೂ ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು.

ಎರಡು ವಾರದ ಮೇಲೆ ಸೀಲು ಒಡೆಯದ ಹೊಸ ಪೆಟ್ಟಿಗೆಯೊಂದನ್ನು ಭಾವ ಅಮ್ಮನ ಕೈಯಲ್ಲಿ ಕೊಟ್ಟು, ಒಳಗೆ ಬಾರದೆ ಹೋದರು. ಕಾರ್ಡನ್ನು ನಾನೇ ಹಾಕಿದೆ. ಎಷ್ಟು ಆಡಿದರೂ ಬಿಸಿ ಎಪ್ಪತ್ತು ದಾಟಲಿಲ್ಲ. ಆದರೆ ಮೊದಲಿನ ಹಾಗೆ ಆಡಲು ಮನಸ್ಸಾಗಲಿಲ್ಲ. ಮುಂದೆ ಪ್ರೆಸ್ಸಿನ ಕಂಪ್ಯೂಟರುಗಳು ಕೆಟ್ಟಾಗ ನಾನೇ ಬಿಚ್ಚಿ ನೋಡುವುದು ರೂಢಿಯಾಯಿತು. ಭಾವ ಕೆಟ್ಟವರೆಂದು ಹೇಳಲೂ ಆಗುವುದಿಲ್ಲ. ಅಮ್ಮನಿಗೆ ಕಣ್ಣಿನ ಆಪರೇಶನ್ ಆದಾಗ ಮಂಗಳೂರಿಗೆ ಕರೆದೊಯ್ದು ಎರಡು ದಿನ ಆಸ್ಪತ್ರೆಯ ಬೆಂಚಿನಲ್ಲಿ ಕೂತವರು ಅವರೇ. ಈಗಲೂ ಭಾವ ಎಂದೇ ಕರೆಯುತ್ತೇನೆ, ಬಂದರೆ ಚಹಾ ಕೊಡುತ್ತೇನೆ.

ಕೆಲವು ವರ್ಷಗಳ ನಂತರ ಅಕ್ಕ ಒಬ್ಬಳೇ ಮನೆಗೆ ಬಂದಳು. ಟ್ಯೂಶನ್ ಹೇಳಿಕೊಡಲೆಂದು ಭಾವ ಅವಳಿಗೆ ಹೊಸತೆಂದು ಕೊಟ್ಟ ಲ್ಯಾಪ್‌ಟಾಪನ್ನು ಚೀಲದಿಂದ ತೆಗೆದು ನನ್ನ ಮುಂದಿಟ್ಟಳು.

"ಕೆಟ್ಟಿದೆಯಾ?" ಎಂದೆ.

"ಇಲ್ಲ. ಒಳಗೆ ಎಲ್ಲ ಹೊಸತೇ ಉಂಟಾ ನೋಡು. ಅವರಿಗೆ ಹೇಳಬೇಡ."

ಅಡಿಯ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ, ಅವಳ ಕಣ್ಣೆದುರೇ ಎಲ್ಲವನ್ನೂ ನೋಡಿದೆ. ಎಲ್ಲವೂ ಹೊಸದೇ ಇತ್ತು. ಹಾಗೆಂದು ಹೇಳಿದೆ.

"ಸರಿಯಾಗಿ ನೋಡಿದೆಯಾ?" ಎಂದು ಕೇಳಿದಳು ಅಕ್ಕ.