ತುದಿಯ ಮಸೆತ

ಶನಿವಾರ ಮಧ್ಯಾಹ್ನದ ಹೊತ್ತಿಗೆ ಕಂಬಗಳ ಮೇಲೆ ಕಟ್ಟಿದ ಪಿಯಾಳ ಮನೆಯ ಅಡಿಯ ನೆರಳಿನಲ್ಲಿ, ಊರಿನ ಅರ್ಧಕ್ಕರ್ಧ ಮಚ್ಚುಗಳು ಬಂದು ಬಿದ್ದಿದ್ದವು. ಒಂದೊಂದರ ಹಿಡಿಗೂ ಒಂದೊಂದು ಬಗೆಯ ತೆಂಗಿನ ಗರಿಯ ಗಂಟು. ಗಂಟು ನೋಡಿಯೇ ಅವಳು ಮನೆ ಗುರುತಿಸುತ್ತಿದ್ದಳು. ಉಪವಾಸದ ತಿಂಗಳಿಗೆ ಮುಂಚಿನ ಭಾನುವಾರ ಊರೊಟ್ಟಾಗಿ ಗೋರಿಗಳ ಗುಡ್ಡವನ್ನು ಸವರುವುದು ಪಾಸಿರ್ ಕುಬಾಂಗ್ ಎಂಬ ಆ ಹಳ್ಳಿಯ ವಾಡಿಕೆ. ಹಿಂದಿನ ದಿನ ಎಲ್ಲರ ಮಚ್ಚುಗಳೂ ಅವಳ ಸಾಣೆಕಲ್ಲನ್ನು ಮುಟ್ಟಿಯೇ ಹೋಗಬೇಕು. ಬೇರೆ ದಿನಗಳಲ್ಲಿ ಅಕ್ಕಿ, ಮೀನು, ಬಾಳೆಗೊನೆ ಏನಾದರೂ ಬರುತ್ತಿತ್ತು. ಈ ದಿನ ಏನನ್ನೂ ಮುಟ್ಟುತ್ತಿರಲಿಲ್ಲ. ಸತ್ತವರ ಕೆಲಸಕ್ಕೆ ಕೂಲಿ ತೆಗೆದುಕೊಂಡರೆ ಕೈ ನಡುಗುತ್ತದೆ ಎಂದು ಅವಳ ಗಂಡ, ಕಮ್ಮಾರ ಕುಲುಪ್, ಹೇಳುತ್ತಿದ್ದ.

ಗೋರಿ ಸವರುವ ಮಚ್ಚಿನ ಮಸೆತವೇ ಬೇರೆ. ಅಲಗಿನ ಮುಕ್ಕಾಲು ಪಾಲು ಮಾತ್ರ ಮಸೆದು ತುದಿಯ ನಾಲ್ಕು ಬೆರಳಗಲವನ್ನು ಮೊಂಡಾಗಿ ಬಿಡಬೇಕು. ಹುಲ್ಲು ಬೀಸುವಾಗ ತುದಿ ಗೋರಿಯ ತಲೆಗಲ್ಲಿಗೆ ಬಡಿಯುತ್ತದೆ. ಹರಿತವಾಗಿದ್ದರೆ ಚಕ್ಕೆಯೆದ್ದು ಕಣ್ಣಿಗೆ ಸಿಡಿಯುತ್ತದೆ. ತುದಿಯವರೆಗೂ ಹರಿತ ಬೇಕಾಗುವುದು ಮಾಂಸ ಕಡಿಯುವವನಿಗೆ ಮಾತ್ರ.

ಕುಲುಪ್‌ನನ್ನು ಕಡಿದ ಮಚ್ಚಿಗೆ ತುದಿಯವರೆಗೂ ಹರಿತವಿತ್ತು. ಅದು ಹದಿನಾಲ್ಕು ವರ್ಷಗಳ ಹಿಂದಿನ ಮಾತು. ಜಾಲಿಲ್ ಎಂಬ ರಬ್ಬರ್ ತೋಟದ ಕೂಲಿಗೆ ಕುಲುಪ್ ಮಾಡಿಕೊಟ್ಟ ಮಚ್ಚು ಮುರಿದಿತ್ತು; ಚಹದಂಗಡಿಯಲ್ಲಿ ಹತ್ತು ಜನರೆದುರು ಅವನು ಕಬ್ಬಿಣವನ್ನು ದೂರಿದಾಗ ಕುಲುಪ್ ನಕ್ಕು, “ಕಬ್ಬಿಣ ಗಟ್ಟಿಯಾಗೇ ಇದೆ. ಹಿಡಿದೋನು ಗಂಡಸಾ ಅಂತ ತವರಿಗೆ ಹೋದ ನಿನ್ನ ಹೆಂಡ್ತೀನೇ ಕೇಳು” ಎಂದಿದ್ದ. ಮರುದಿನ ಬೆಳಿಗ್ಗೆ ಜಾಲಿಲ್ ಇನ್ನೊಂದು ಮಚ್ಚು ಹಿಡಿದು ಕುಲುಮೆಗೆ ನುಗ್ಗಿದ. ಮೊದಲ ಏಟು ಹೆಗಲಿಗೆ, ಎರಡನೆಯದು ತಡೆಯಲೆತ್ತಿದ ಕೈಗೆ, ಮೂರನೆಯದು ಕತ್ತಿಗೆ. ಬೆರಳುಗಳು ಬೂದಿಯಲ್ಲಿ ಬಿದ್ದವು. ಪಿಯಾ ಇಕ್ಕಳದಲ್ಲಿದ್ದ ಕೆಂಪು ಕಬ್ಬಿಣವನ್ನೆತ್ತಿ ಜಾಲಿಲ್‌ನ ಕಿವಿಗೆ ಒತ್ತಿ, ಅವನು ಕುಸಿದು ಬೀಳುವವರೆಗೂ ತೆಗೆಯಲಿಲ್ಲ. ತಿದಿ ಒತ್ತುತ್ತಿದ್ದ ಮಗ ಸಿದೆಕ್‌ಗೆ ಆಗ ಹತ್ತು ವರ್ಷ. ಅವನು ಒತ್ತುವುದನ್ನು ನಿಲ್ಲಿಸಿರಲಿಲ್ಲ. ಅಪ್ಪ ಸತ್ತ ಮೇಲೂ ಬೆಂಕಿ ಉರಿಯುತ್ತಲೇ ಇತ್ತು.

ಆ ಜಾಲಿಲ್ ಜೈಲುಶಿಕ್ಷೆ ಮುಗಿಸಿ ಬಂದು ಹತ್ತು ದಿನವಾಗಿತ್ತು. ಈಗ ಅವನೇ ಕಂಬಗಳ ನಡುವೆ ಬಗ್ಗಿ ನಿಂತಿದ್ದ. ಎಡಗಿವಿಯ ಜಾಗದಲ್ಲಿ ಕರಗಿ ಗಟ್ಟಿಯಾದ ಮೇಣದಂಥ ಚರ್ಮ. ಕೈಯಲ್ಲಿ ತುಕ್ಕು ಹಿಡಿದ ಮಚ್ಚು.

“ಪಿಯಾ ಅಕ್ಕಾ, ಇದನ್ನೂ ಸೇರಿಸ್ಕೋ.”

“ಹಿಡಿ ಈ ಕಡೆ ಮಾಡಿ ಕೊಡು. ಅಷ್ಟೂ ಮರ್ತುಹೋಯ್ತಾ?”

“ಅಲ್ಲಿ ಮಚ್ಚು ಕೊಡ್ತಿರಲಿಲ್ಲ. ಚಮಚ ಕೊಡ್ತಿದ್ರು.”

ಅವಳು ನಗಲಿಲ್ಲ. “ನಾಳೆ ನೀನ್ಯಾಕೆ ಬರ್ಬೇಕು?”

“ಗುಡ್ಡ ಸವರೋಕೆ ಬರದೋನಿಗೆ ಗುಂಡಿ ಯಾರು ತೋಡ್ತಾರೆ? ನಾಯಿ ಥರ ಎಳ್ಕೊಂಡ್ ಹೋಗಿ ಹೊಳೆಗೆ ಹಾಕ್ತೀರಿ.”

“ನನ್ನ ಕೇಳಿದ್ರೆ ಹೊಳೇನೇ ಸರಿ.”

“ಗೊತ್ತು. ಅದಕ್ಕೇ ನಿನ್ನ ಕೇಳ್ಲಿಲ್ಲ, ಊರ ಯಜಮಾನರನ್ನ ಕೇಳ್ದೆ.”

ಮಚ್ಚು ಹಿಡಿದು ಬಂದವನನ್ನು ಆ ದಿನ ಊರು ಹಿಂದಕ್ಕೆ ಕಳಿಸುವಂತಿಲ್ಲ. ಯಜಮಾನ ತೊಕ್ ಡೆರಾಮಾನ್ ಬೇರೇನು ಹೇಳಿಯಾರು? ಪಿಯಾ ತುಕ್ಕು ತಿಕ್ಕಿದಳು. ಅಲಗಿನ ಬೆನ್ನಿನ ಮೇಲೆ ಮೂರು ಚುಕ್ಕಿಗಳು ಎದ್ದು ಬಂದವು. ಕುಲುಪ್ ತಾನು ಮಾಡಿದ ಮಚ್ಚಿಗೆಲ್ಲ ಹಾಕುತ್ತಿದ್ದ ಗುರುತು. ಆ ಗುರುತಿನ ಕಬ್ಬಿಣಕ್ಕೆ ಕಳ್ಳ ಮಸೆತ ಕೊಡಲು ಅವಳ ಕೈ ಬರಲಿಲ್ಲ. ಆ ದಿನದ ಎಲ್ಲ ಮಚ್ಚುಗಳಿಗಿಂತ ಒಳ್ಳೆಯ ಬಾಯಿ ಅದಕ್ಕೇ ಕೂತಿತು. ತುದಿಯನ್ನು ಮಾತ್ರ ಮೊಂಡಾಗಿ ಬಿಟ್ಟಳು.

ಅವನು ಹೋದ ಮೇಲೆ ಸಿದೆಕ್ ಏಣಿ ಇಳಿದು ಬಂದ. ಮರಳು ದೋಣಿಯಲ್ಲಿ ದುಡಿದು ಭುಜ ಕೋಣನಂತೆ ಬೆಳೆದಿತ್ತು.

“ಅಮ್ಮಾ, ನಂದು ತುದಿವರೆಗೂ ಹರಿತ ಮಾಡು.”

“ಗುಡ್ಡದಲ್ಲಿ ಬರೀ ಕಲ್ಲು ಕಣೋ.”

“ನನ್ನ ಕೆಲಸ ಕಲ್ಲಿನ ಹತ್ರ ಇಲ್ಲ.”

ಅವಳ ಕೈ ನಿಂತಿತು. “ಅವನ ಕತ್ತಿಗೆ ಮಚ್ಚು ಬಿದ್ರೆ ನಿನ್ನ ಕತ್ತಿಗೆ ಹಗ್ಗ ಬೀಳುತ್ತೆ.”

“ಅವನಿಗೆ ಬಿತ್ತಾ? ಕೋಪ ಬಂದಿತ್ತು ಅಂತ ಕೋರ್ಟು ಬರೀ ಜೈಲಿಗೆ ಹಾಕ್ತು. ನಂಗೂ ಬಂದಿತ್ತು ಅಂತೀನಿ.”

“ಹದಿನಾಲ್ಕು ವರ್ಷ ಇಟ್ಕೊಂಡಿರೋದನ್ನ ಕೋಪ ಅನ್ನಲ್ಲ ಮಗಾ, ಸಂಚು ಅಂತಾರೆ.”

“ಆಯ್ತು ಬಿಡು. ನಾನೇ ಮಸ್ಕೋತೀನಿ. ಸೊಟ್ಟ ಆಗುತ್ತೆ ಅಷ್ಟೆ.”

ಸೊಟ್ಟ ಮಚ್ಚಾದರೂ ಕತ್ತು ಕಡಿಯಲು ಸಾಕು. ಅವಳು ಕೈ ಚಾಚಿದಳು. “ಕೊಡು. ನೀನು ಹೋಗಿ ಮರಳು ತುಂಬು.”

ಅವನ ದೋಣಿ ಹೊಳೆಯ ತಿರುವಿನಲ್ಲಿ ಮರೆಯಾದ ಕೂಡಲೇ ಪಿಯಾ ಹಳೆಯ ಕುಲುಮೆಗೆ ಇದ್ದಿಲು ಸುರಿದಳು. ಹಿಡಿಗೆ ಒದ್ದೆ ಬಟ್ಟೆ ಸುತ್ತಿ ಮಗನ ಮಚ್ಚಿನ ಅಲಗನ್ನು ಕೆಂಡದಲ್ಲಿಟ್ಟು ಕೆಂಪಾಗುವವರೆಗೆ ಕಾಸಿ, ನೀರು ತೋರಿಸದೆ ಬಿಸಿ ಬೂದಿಯೊಳಗೆ ಹೂತಳು. ಹಾಗೆ ನಿಧಾನವಾಗಿ ಆರಿದ ಉಕ್ಕಿನಲ್ಲಿ ಹದ, ಗಡಸು ಎರಡೂ ಉಳಿಯುವುದಿಲ್ಲ. ಸಂಜೆಗೆ ತೆಗೆದು, ಕಪ್ಪು ಹೋಗುವಂತೆ ಉಜ್ಜಿ, ತುದಿಯವರೆಗೂ ಮಸೆದಳು. ಹೆಬ್ಬೆರಳಿಗೆ ಕ್ಷೌರದ ಕತ್ತಿಯಂತಿತ್ತು. ಎಲುಬು ತಗುಲಿದರೆ ತಗಡಿನಂತೆ ಮಡಚಿಕೊಳ್ಳುವಂತಿತ್ತು. ಗಂಡನ ಹೆಸರಿನ ಕುಲುಮೆಯಿಂದ ಸುಳ್ಳು ಮಚ್ಚೊಂದು ಹೊರಬಿದ್ದದ್ದು ಅದೇ ಮೊದಲು.

ಭಾನುವಾರ ಇಬ್ಬನಿ ಆರುವ ಮೊದಲೇ ಗುಡ್ಡದ ಮೇಲೆ ಸಾಲು ನಿಂತಿತು. ಕೆಳಗೆ ಹೆಂಗಸರು ದೊಡ್ಡ ಕೊಪ್ಪರಿಗೆಯಲ್ಲಿ ಹುಳಿ ಬರಿಸಿದ ಡುರಿಯನ್ ಹಣ್ಣು ಹಾಕಿ ಮೀನುಸಾರು ಕಾಯಿಸುತ್ತಿದ್ದರು. ಎದೆಯೆತ್ತರದ ಹುಲ್ಲು ಸರಸರನೆ ಬೀಳುತ್ತಿತ್ತು. ಹಾವೊಂದು ಹೊರಬಂತು; ಐದಾರು ಮಚ್ಚುಗಳು ಒಟ್ಟಿಗೆ ಬಿದ್ದು ಅದು ತುಂಡುತುಂಡಾಯಿತು. ಒಬ್ಬನು ತಲೆಯ ತುಂಡನ್ನು ಮಚ್ಚಿನಲ್ಲೆತ್ತಿ ಜಾಲಿಲ್‌ನ ಕಾಲಬುಡಕ್ಕೆ ಎಸೆದ.

“ತಗೋ ಜಾಲಿಲ್, ನಿನ್ನ ನೆಂಟ.”

“ನೆಂಟನಾಗಿದ್ರೆ ಕಿವಿ ಇರ್ತಿರ್ಲಿಲ್ಲ,” ಎಂದ ಜಾಲಿಲ್, ತಲೆಯೆತ್ತದೆ.

“ಹಾವಿಗೆಲ್ಲಿ ಕಿವಿ ಮಾರಾಯ?”

“ಹಾಗಾದ್ರೆ ನೆಂಟನೇ ಇರ್ಬೇಕು ಬಿಡು.”

ಸಾಲು ನಕ್ಕಿತು. ಆ ನಗೆಯಲ್ಲಿ ಜಾಲಿಲ್ ಊರೊಳಗೆ ಅರ್ಧ ಹೆಜ್ಜೆ ಬಂದಂತಾಗಿತ್ತು. ಸಿದೆಕ್ ಸಹಿಸದಿದ್ದದ್ದು ಬಹುಶಃ ಅದನ್ನೇ. ಹುಲ್ಲು ಬೀಸುತ್ತ ಜಾಲಿಲ್ ಕುಲುಪ್‌ನ ಗೋರಿಯ ದುಂಡುಗಲ್ಲಿನ ಹತ್ತಿರ ಬಂದಿದ್ದ. ಅದನ್ನು ಬಿಟ್ಟು ಮುಂದಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ಬಗ್ಗಿ ಕಲ್ಲಿನ ಬುಡದ ಬಳ್ಳಿಗೆ ಕೈ ಹಾಕಿದ.

“ಅದನ್ನ ಮುಟ್ಬೇಡ,” ಎಂದ ಸಿದೆಕ್. ಹಾಗೆನ್ನುವಾಗಲೇ ಮಚ್ಚು ಬೀಸಿದ್ದ.

ಏಟು ಹೆಗಲಿಗೂ ಕತ್ತಿಗೂ ನಡುವೆ ಬಿತ್ತು. ಹಸಿ ಕೊಂಬೆ ಮುರಿದ ಸದ್ದಾಯಿತು. ಬಟ್ಟೆ, ಚರ್ಮ, ಮಾಂಸ ಸೀಳಿ ಅಲಗು ಎಲುಬಿಗೆ ತಗುಲಿ ಮಡಚಿಕೊಂಡು ಅಲ್ಲೇ ಸಿಕ್ಕಿಕೊಂಡಿತು. ರಕ್ತ ದುಂಡುಗಲ್ಲಿನ ಮೇಲೆ ಚಿಮ್ಮಿತು. ಸಿದೆಕ್ ಎರಡೂ ಕೈಯಲ್ಲಿ ಜಗ್ಗಿದ, ಮಚ್ಚು ಬರಲಿಲ್ಲ. ಜಾಲಿಲ್ ಮೊಣಕಾಲೂರಿ ಅರಚಿದ, ಮತ್ತು ಅವನ ಬಲಗೈ ತನ್ನಷ್ಟಕ್ಕೆ ತಾನೇ ಮೇಲೆದ್ದಿತು. ಅದರಲ್ಲಿ ಮೂರು ಚುಕ್ಕಿಯ ಮಚ್ಚು.

ಕಳೆ ಗುದ್ದಲಿ ಹಿಡಿದು ಹತ್ತು ಹೆಜ್ಜೆಯಾಚೆ ನಿಂತಿದ್ದ ಪಿಯಾಳಿಗೆ ತಾನು ಮಾಡಿದ್ದು ಆಗ ಹೊಳೆಯಿತು. ಮಗನ ಕೈಗೆ ಸತ್ತ ಕಬ್ಬಿಣ ಕೊಟ್ಟು, ಗಂಡನನ್ನು ಕೊಂದವನ ಕೈಗೆ ಆ ದಿನದ ಅತ್ಯುತ್ತಮ ಅಲಗು ಕೊಟ್ಟಿದ್ದಳು. ಓಡಿಬಂದು ಗುದ್ದಲಿಯ ಬೆನ್ನಿನಿಂದ ಜಾಲಿಲ್‌ನ ಮಣಿಕಟ್ಟಿಗೆ ಅಪ್ಪಳಿಸಿದಳು. ಮಣಿಕಟ್ಟು ಹಿಂದಕ್ಕೆ ಮುರಿಯಿತು, ಮಚ್ಚು ಬಿತ್ತು. ತಿರುಗಿ ಅದೇ ಗುದ್ದಲಿಯ ಹಿಡಿಯಿಂದ ಮಗನ ಬಾಯಿಗೆ ಬಾರಿಸಿದಳು. ಎರಡು ಹಲ್ಲು ಹುಲ್ಲಿನಲ್ಲಿ ಬಿದ್ದವು. ಅಷ್ಟರಲ್ಲಿ ನಾಲ್ಕಾರು ಜನ ಸಿದೆಕ್‌ನ ಮೇಲೆ ಬಿದ್ದು ಅವನ ಮುಖವನ್ನು ಮಣ್ಣಿಗೊತ್ತಿ ಹಿಡಿದರು.

ತೊಕ್ ಡೆರಾಮಾನ್ ಸಿಕ್ಕ ಅಲಗನ್ನು ಕಿತ್ತು, ತಮ್ಮ ತಲೆವಸ್ತ್ರ ಬಿಚ್ಚಿ ಗಾಯಕ್ಕೆ ತುರುಕಿದರು. “ಆಸ್ಪತ್ರೇಲಿ ಕೇಳ್ತಾರೆ, ಪೊಲೀಸರು ಬರ್ತಾರೆ. ಏನಂತೀಯ ಜಾಲಿಲ್?”

ಜಾಲಿಲ್ ಪಿಯಾಳನ್ನೇ ನೋಡುತ್ತಿದ್ದ. “ನನ್ನ ಮಚ್ಚು ಕಲ್ಲಿಗೆ ಬಡಿದು ಹಿಂದಕ್ಕೆ ಚಿಮ್ತು. ಜಾರಿ ಬಿದ್ದೆ, ಕೈ ಮುರೀತು,” ಎಂದು ಹಲ್ಲು ಕಚ್ಚಿ ಹೇಳಿದ. “ನಾನು ಸತ್ರೆ ಗುಂಡಿ ಮಾತ್ರ ಇದೇ ಗುಡ್ಡದಲ್ಲಿ ತೋಡ್ಬೇಕು. ಅದಕ್ಕೆ ಒಪ್ಕೊಳ್ಳಿ.”

“ಒಪ್ಕೊಂಡ್ವಿ,” ಎಂದಳು ಪಿಯಾ.

ಅವನು ಸಾಯಲಿಲ್ಲ, ಬಲಗೈಯಲ್ಲಿ ಮತ್ತೆಂದೂ ಮಚ್ಚು ಹಿಡಿಯಲೂ ಇಲ್ಲ. ನಾಲ್ಕನೆಯ ದಿನ ಸಿದೆಕ್, ತಗಡಿನಂತೆ ಮಡಚಿದ ಮಚ್ಚನ್ನು ತಂದು ಸಾಣೆಕಲ್ಲಿನ ಮೇಲೆ ಎಸೆದ.

“ಅವನಿಗೆ ನಿಜ ಮಸ್ದುಕೊಟ್ಟೆ. ನಂಗೆ ಸುಳ್ಳು.”

“ಹೌದು.”

“ಅವನು ನನ್ನ ಕಡಿದಿದ್ರೆ?”

“ಅದನ್ನ ನಾನು ಯೋಚ್ನೆ ಮಾಡಿರ್ಲಿಲ್ಲ,” ಎಂದಳು. “ತಿದಿ ಒತ್ತು.”

ಹದಿನಾಲ್ಕು ವರ್ಷಗಳ ಮೇಲೆ ಅವನು ತಿದಿಯ ಮುಂದೆ ಕುಳಿತ. ಅವಳು ಅಲಗನ್ನು ಕಾಸಿ ಬಡಿದು ನೇರ ಮಾಡಿದಳು. ಮತ್ತೆ ಕೆಂಪಾಗಿಸಿ ಎಣ್ಣೆಯಲ್ಲಿ ಅದ್ದಿದಳು. ಒಣಹುಲ್ಲಿನ ಬಣ್ಣ ಬರುವವರೆಗೆ ಸಣ್ಣ ಉರಿಯಲ್ಲಿ ಹದಕ್ಕೆ ತಂದಳು. ಇನ್ನು ಆ ಮಚ್ಚು ಯಾವ ಎಲುಬಿಗೂ ಮಣಿಯುವಂತಿರಲಿಲ್ಲ. ಜಾಲಿಲ್ ಇನ್ನೆರಡು ವಾರಕ್ಕೆ ಆಸ್ಪತ್ರೆಯಿಂದ ಊರಿಗೆ ಬರುವವನಿದ್ದ. ಅದು ಇಬ್ಬರಿಗೂ ಗೊತ್ತಿತ್ತು.

ಮಸೆಯಲು ಕುಳಿತಳು. ಅಲಗಿನ ಮುಕ್ಕಾಲು ಪಾಲು ಮುಗಿಯಿತು. ಕೈ ತಡೆಯದೆ, ಮಗನ ಮುಖ ನೋಡದೆ, ತುದಿಯತ್ತ ಸರಿದಳು. ಕಳೆದ ಸಲ ಕೇಳಿದ್ದನ್ನು ಈ ಸಲ ನಿಜವಾಗಿಯೇ ಕೊಡುವವಳಿದ್ದಳು.

ಸಿದೆಕ್ ಅಂಗೈಯನ್ನು ತುದಿಯ ಮೇಲಿಟ್ಟ. ನಾಲ್ಕು ಬೆರಳಗಲ ಮುಚ್ಚಿತು. ಎರಡು ಹಲ್ಲು ಹೋದ ಬಾಯಿಂದ ಮಾತು ತೊದಲಿತು.

“ಸಾಕು. ಗುಡ್ಡದಲ್ಲಿ ಅಪ್ಪನ ಮೂಲೆ ಸವರದೇ ಉಳಿದಿದೆ. ಅಲ್ಲಿ ಬರೀ ಕಲ್ಲು.”

ಅವಳು ಮಚ್ಚನ್ನು ಒರೆಸಿ, ಹಿಡಿಯನ್ನು ಅವನ ಕಡೆಗೆ ತಿರುಗಿಸಿ ಕೊಟ್ಟಳು.