ತಣ್ಣನೆ ಬೆವರು

ನಮ್ಮ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗದಲ್ಲಿ ಇಸ್ತ್ರಿಯಣ್ಣ ಮೂವತ್ತು ವರ್ಷದಿಂದ ಬಟ್ಟೆ ಇಸ್ತ್ರಿ ಮಾಡುತ್ತಾರೆ. ಒಂದು ಮೇಜು, ಅದರ ಮೇಲೆ ಮಡಿಸಿ ಹಾಸಿದ ಕಂಬಳಿ, ಮಣಭಾರದ ಇಸ್ತ್ರಿಪೆಟ್ಟಿಗೆ. ಫ್ಯಾನ್ ಇಲ್ಲ. ಗಾಳಿ ಬಂದರೆ ಮಡಿಸಿಟ್ಟ ಬಟ್ಟೆಯೆಲ್ಲ ಕೆಡುತ್ತದೆ ಎಂಬುದು ಅವರ ವಾದ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ಪಕ್ಕದಲ್ಲಿ ನಿಂತು ಬಟ್ಟೆ ಮಡಿಸುವ ಅತ್ತಿಗೆಗೆ, ಅಂದರೆ ಅವರ ಹೆಂಡತಿಗೆ, ಇದು ನನಗಿಂತ ಚೆನ್ನಾಗಿ ಗೊತ್ತು.

ಇಸ್ತ್ರಿಯಣ್ಣನಿಗೆ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಊಟ ತಡವಾಗಿ ರಕ್ತದಲ್ಲಿ ಸಕ್ಕರೆ ಇಳಿದರೆ ಎದೆ ಡವಡವ ಎನ್ನುತ್ತಿತ್ತು, ಕೈ ನಡುಗುತ್ತಿತ್ತು. ಆಗ ಪೆಟ್ಟಿಗೆ ಬದಿಗಿಟ್ಟು, ಡಬ್ಬಿಯಿಂದ ಸಕ್ಕರೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಯಾರೂ ಹೇಳಬೇಕಾಗಿರಲಿಲ್ಲ.

ಹೋದ ವರ್ಷ ಬಿಪಿ ಏರಿತು. ಡಾಕ್ಟರು ಬೀಟಾ ಬ್ಲಾಕರ್ ಮಾತ್ರೆ ಬರೆದುಕೊಟ್ಟರು. ಇದು ಎದೆಬಡಿತ ತಗ್ಗಿಸುತ್ತದೆ, ಹಾಗಾಗಿ ಇನ್ನು ಸಕ್ಕರೆ ಇಳಿದರೂ ಎದೆ ಹೊಡೆದುಕೊಳ್ಳದಿರಬಹುದು, ಕೈ ನಡುಗದಿರಬಹುದು, ಬೆವರು ಮಾತ್ರ ಬರುತ್ತದೆ, ಬೆವರಿದರೆ ಹುಷಾರು ಎಂದರಂತೆ. ಇವರು ಕೋಲೆಬಸವನ ಹಾಗೆ ತಲೆಯಾಡಿಸಿ ಬಂದರು. ಮಾತ್ರೆ ಶುರುವಾದ ಮೇಲೆ ಕೈಕಾಲು ತಣ್ಣಗಿರುತ್ತಿತ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಸುಸ್ತು. ಆದರೆ ನಡುಕ ನಿಂತುಹೋಯಿತು. ಸಕ್ಕರೆ ಕಾಯಿಲೆಯೇ ಅರ್ಧ ವಾಸಿಯಾಯಿತೆಂದು ಕಂಡಕಂಡವರ ಮುಂದೆಲ್ಲ ಮಾತ್ರೆಯ ಗುಣಗಾನ ನಡೆಯಿತು. ನನಗೂ ಅದನ್ನೇ ನುಂಗಿಸುವುದರಲ್ಲಿದ್ದರು.

ಒಂದು ಮಧ್ಯಾಹ್ನ ಅಂಗಿ ತರಲು ಕೆಳಗಿಳಿದೆ. ಇಸ್ತ್ರಿಯಣ್ಣ ಪೆಟ್ಟಿಗೆಯನ್ನು ನನ್ನ ಅಂಗಿಯ ಬೆನ್ನಿನ ಮೇಲೆ ಒತ್ತಿಹಿಡಿದು ಗೋಡೆ ನೋಡುತ್ತ ನಿಂತಿದ್ದರು. ಹೊಗೆ ಏಳುತ್ತಿತ್ತು. ಅತ್ತಿಗೆ ಕೂಗಿಕೊಂಡರೆ, ನೀನ್ಯಾರು ಹೇಳೋಕೆ ಎಂದು ಗದರಿದರು. ಅತ್ತಿಗೆ ಪೆಟ್ಟಿಗೆ ಕಿತ್ತುಕೊಂಡು, ಅವರ ಕತ್ತು ಮುಟ್ಟಿ ಗಾಬರಿಯಾದರು. ಸಕ್ಕರೆ ನೀರು ಕುಡಿಸಿ ಕಾಲು ಗಂಟೆಯಾದ ಮೇಲೆ ಅವರಿಗೆ ಹೆಂಡತಿಯ ಗುರುತು ಸಿಕ್ಕಿತು. ನನಗೆ ನಿಜಕ್ಕೂ ಭಯವಾಗಿತ್ತು; ಅಂಗಿಯ ನೆನಪು ಬಂದದ್ದು ಮಾರನೆಯ ದಿನ.

ಸಂಜೆ ಮೂವರೂ ಡಾಕ್ಟರ ಬಳಿ ಹೋದೆವು.

"ಬೆವರಲಿಲ್ವಾ?" ಎಂದು ಡಾಕ್ಟರು ಕೇಳಿದರು.

"ನಾನು ಇಸ್ತ್ರಿ ಮಾಡೋನು ಡಾಕ್ಟ್ರೇ. ಬೆವರದೇ ಇರೋದು ಯಾವಾಗ?"

ಡಾಕ್ಟರು ಹಳೆಯ ಚೀಟಿ ತಿರುಗಿಸಿ ನೋಡಿದರು. ವಯಸ್ಸಿತ್ತು, ತೂಕವಿತ್ತು, ಕಸುಬು ಇರಲಿಲ್ಲ. ಮಾತ್ರೆ ಬದಲಿಸೋಣ, ಆದರೆ ಥಟ್ಟನೆ ಬಿಟ್ಟರೆ ಎದೆಗೆ ಅಪಾಯ, ಎರಡು ವಾರ ಸ್ವಲ್ಪಸ್ವಲ್ಪವೇ ತಗ್ಗಿಸಬೇಕು ಎಂದರು. ಅಲ್ಲಿಯವರೆಗೆ ಕೆಲಸ ಬಿಡಿ ಎಂದೂ ಹೇಳಿದರು. ರಜೆ ಎನ್ನುವುದು ಇಸ್ತ್ರಿಯಣ್ಣನ ಜಾಯಮಾನದಲ್ಲೇ ಇಲ್ಲ. ಮರುದಿನ ಬೆಳಿಗ್ಗೆ ಪೆಟ್ಟಿಗೆ ಕಾಯುತ್ತಿತ್ತು.

ಅತ್ತಿಗೆ ಜಗಳವಾಡಲಿಲ್ಲ. ಬೆರಳು ಚುಚ್ಚಿ ಸಕ್ಕರೆ ನೋಡುವ ಮೀಟರು ತಂದರು. ಅದರಲ್ಲಿ ನೋಡುವುದರ ನಡುನಡುವೆ, ಬಟ್ಟೆ ಮಡಿಸುತ್ತಲೇ, ಗಂಡನ ಕತ್ತಿನ ಹಿಂದೆ ಅಂಗೈ ಇಡುತ್ತಿದ್ದರು. ಕೆಲಸದ ಬೆವರಿಗೆ ಮೈ ಬಿಸಿ, ಈ ಬೆವರಿಗೆ ಮೈ ತಣ್ಣಗೆ ಎಂದು ಆ ಮಧ್ಯಾಹ್ನವೇ ಅವರ ಕೈಗೆ ತಿಳಿದಿತ್ತು. ಬಟ್ಟೆ ಕೊಡಲು ಬಂದವರು, ಈ ವಯಸ್ಸಲ್ಲಿ ಇದೇನು ಸರಸ ಎಂದು ಛೇಡಿಸಿದರು. ಇಸ್ತ್ರಿಯಣ್ಣನಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಒಂಬತ್ತನೆಯ ದಿನ ನಾನು ಅಲ್ಲೇ ಇದ್ದೆ. ಕತ್ತಿನ ಮೇಲಿಟ್ಟ ಕೈಯನ್ನು ಅತ್ತಿಗೆ ತೆಗೆಯಲಿಲ್ಲ.

"ಸಾಕು, ನಿಲ್ಲಿಸಿ."

"ಇದು ಕೆಲಸದ ಬೆವರು ಕಣೇ. ನನ್ನ ಮೈ ನನಗೆ ಗೊತ್ತಿಲ್ವಾ?"

"ಗೊತ್ತಿಲ್ಲ," ಎಂದರು ಅತ್ತಿಗೆ. "ಈಗ ನಿಮಗೆ ಗೊತ್ತಾಗಲ್ಲ. ನನಗೆ ಗೊತ್ತಾಗುತ್ತೆ."

ನಾನು ಕಂಡ ಹನ್ನೆರಡು ವರ್ಷದಲ್ಲಿ ಆ ಮನುಷ್ಯ ಹೆಂಡತಿಯ ಒಂದು ಮಾತನ್ನೂ ಕೇಳಿದ್ದಿಲ್ಲ. ಅಂದು ಪೆಟ್ಟಿಗೆಯನ್ನು ಅತ್ತಿಗೆಯ ಕೈಗೆ ಕೊಟ್ಟು, ಸಕ್ಕರೆ ಹಾಕೆಂದು ನನ್ನೆದುರಿಗೇ ಬಾಯಿ ತೆರೆದರು.