ಒಂದು ಹಾಳೆ ಕಡಿಮೆಯಿದ್ದ ಚಿತ್ರಕಥೆ

ಮೊನ್ನೆ ಟ್ರಂಕು ತೆರೆದಾಗ ಮೊದಲು ಹೊರಗೆ ಬಂದದ್ದು ವಾಸನೆ. ಮೈದಾ ಅಂಟಿಗೆ ಮೈಲುತುತ್ತ ಬೆರೆಸಿ ಕಾಗದಕ್ಕೆ ಬಳಿದರೆ ಎಷ್ಟೋ ವರ್ಷ ಒಂದು ಬಗೆಯ ಹುಳಿ ವಾಸನೆ ಉಳಿಯುತ್ತದೆ ನೋಡಿ, ಅದು. ಆ ವಾಸನೆಗೆ ಗೆದ್ದಲು ಹತ್ತಿರ ಸುಳಿಯುವುದಿಲ್ಲ. ನಾನೂ ಅದರ ಹತ್ತಿರ ಸುಳಿದು ಬಹಳ ಕಾಲವಾಗಿತ್ತು. ತೆರೆಸಿದವರು ಚಿತ್ರದುರ್ಗದಿಂದ ಬಂದಿದ್ದ ಒಬ್ಬ ಉಪನ್ಯಾಸಕರು. ಹಳೆಯ ವಾರಪತ್ರಿಕೆಗಳ ಚಿತ್ರಕಥೆಗಳನ್ನು ಕೂಡಿಡುವ ಹುಚ್ಚು ಅವರಿಗೆ. ನನ್ನ ಬಳಿ ಒಂದು ಕಂತೆ ಇದೆ ಎಂದು ಯಾರೋ ಹೇಳಿದ್ದರಂತೆ.

ಅವರು ಹಾಳೆಗಳನ್ನು ತಿರುವುವ ರೀತಿ ನೋಡಿಯೇ ನನಗೆ ಸಮಾಧಾನವಾಯಿತು. ಬೆರಳಿಗೆ ಎಂಜಲು ಹಚ್ಚಲಿಲ್ಲ. "ಪುಸ್ತಕವಾಗಿ ಬಂದವು ಎಲ್ಲಾದ್ರೂ ಸಿಗ್ತಾವೆ ಸಾರ್. ಇವು ವಾರಕ್ಕೊಂದು ಪುಟ ಬಂದು ಹೋದವು. ಅಚ್ಚು ಹಾಕಿದೋರ ಹತ್ರಾನೂ ಇಲ್ಲ. ಜನ ಕಡ್ಲೆಬೀಜದ ಪೊಟ್ಟಣ ಕಟ್ಟಿ ಬಿಸಾಕಿದ್ರು. ನಮ್ಮ ಕಡೆ ಆಗ ಎಂಥಾ ಚಿತ್ರ ಬರೀತಿದ್ರು, ಜನ ಏನು ನೋಡಿ ಖುಷಿಪಡ್ತಿದ್ರು ಅನ್ನೋದಕ್ಕೆ ಇದೇ ಸಾಕ್ಷಿ," ಎಂದರು. ನಾನು ಹಿಗ್ಗುವಷ್ಟರಲ್ಲಿ ಅವರ ಬೆರಳು ಒಂದು ಕಡೆ ನಿಂತಿತು. "ಇಲ್ಲೊಂದು ವಾರ ಇಲ್ವಲ್ಲ ಸಾರ್?"

"ಅದು ಸಿಗಲಿಲ್ಲ," ಎಂದೆ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಕಮಲ ಕಾಫಿ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದಳು.

ಆ ಉತ್ತರ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಹೊಳಲ್ಕೆರೆಯಲ್ಲಿ ಗುಮಾಸ್ತ. ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ನನ್ನ ಸ್ವಭಾವ ಮೊದಲೇ ತಿಳಿಸಿಬಿಡುವುದು ಒಳ್ಳೆಯದು: ಹಗ್ಗ ಕಂಡರೂ ಹಾವು ಎನ್ನುವ ಜಾತಿ ನನ್ನದು. ಬಸ್ಸು ಹತ್ತಿದ ಮೇಲೆ ಬೀಗ ಹಾಕಿದೆನೋ ಇಲ್ಲವೋ ಎಂದು ಇಳಿದು ಬಂದವನು. ಇಂಥವನಿಗೆ ವಾರಪತ್ರಿಕೆಯ ಧಾರಾವಾಹಿ ಚಿತ್ರಕಥೆಯ ಚಟ ಹಿಡಿದರೆ ಗತಿ ಏನಾಗಬೇಕು? ಕೋಟೆಯಿಂದ ಕೋಟೆಗೆ ಓಲೆ ಒಯ್ಯುವ ಒಬ್ಬ ಕುದುರೆ ಸವಾರನ ಕಥೆ ಅದು. ಪ್ರತಿ ವಾರವೂ ಅವನನ್ನು ಯಾವುದಾದರೊಂದು ಆಪತ್ತಿನ ಬಾಯಿಗೆ ತಂದು ನಿಲ್ಲಿಸಿ, 'ಮುಂದಿನ ವಾರಕ್ಕೆ' ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಬರೆದವನು ನಮ್ಮ ದುರ್ಗದ ಬಂಡೆಗಳನ್ನು ಕಂಡವನೇ ಇರಬೇಕು. ಒಂದು ಭಾನುವಾರ ಹಾಳೆ ಹಿಡಿದು ಚಂದ್ರವಳ್ಳಿಗೆ ಹೋಗಿ, ಚಿತ್ರದಲ್ಲಿರುವ ಬಂಡೆ ಯಾವುದೆಂದು ಬಿಸಿಲಲ್ಲಿ ಹುಡುಕಿ ಬಂದೆ. ಎಲ್ಲವೂ ಅದೇ ಅನ್ನಿಸಿತು.

ಆ ಹಾಳೆಗಳನ್ನು ಕತ್ತರಿಸಿ ಹೊಲಿದು ಬೆನ್ನಿಗೆ ಅಂಟು ಬಳಿಯುವುದು ನನ್ನ ಕೆಲಸ. ಆದರೆ ಹಾಳೆಗೆ ಎರಡು ಮಗ್ಗುಲಲ್ಲವೇ? ಈ ಕಡೆ ನನ್ನ ಸವಾರ, ಆ ಕಡೆ ಒಂದು ಧಾರಾವಾಹಿ ಕಾದಂಬರಿ. ಅದು ಕಮಲಳದು. ಅವಳ ಆದಿವಾಲದ ತವರಿನಲ್ಲಿ ಕಾದಂಬರಿ ಹಾಳೆಗಳನ್ನು ಕಿತ್ತು ಹೊಲಿದಿಡುವ ಪದ್ಧತಿ ಇತ್ತು. ಹೀಗೆ ಒಂದೇ ಹಾಳೆಗೆ ಇಬ್ಬರು ವಾರಸುದಾರರು. ಕತ್ತರಿ ನನ್ನ ಕೈಯಲ್ಲಿದ್ದರೂ ಹಾಳೆ ಮೊದಲು ಅವಳ ಕೈಗೆ ಹೋಗಬೇಕಿತ್ತು. "ಸವಾರ ಒಂದಿನ ತಡ ಆದ್ರೆ ಏನ್ ಬೀಳಂಗಿಲ್ಲ. ನನ್ನ ಕತೆ ಎಲ್ಲಿಗೆ ಬಂದೈತೆ ಗೊತ್ತೇನು ನಿಮಗೆ?" ಎನ್ನುತ್ತಿದ್ದಳು. ನನಗೆ ಗೊತ್ತಿರಲಿಲ್ಲ. ಒಂದು ವಾರದ್ದು ಬಿಟ್ಟರೆ ಕೊನೆಯವರೆಗೂ ಆ ಕಡೆಯ ಮಗ್ಗುಲನ್ನು ನಾನು ಓದಿದವನಲ್ಲ. ಮನೆಯಲ್ಲಿ ಇಬ್ಬರೇ ಇದ್ದ ನಾವು ಮಾತು ಕಲಿತದ್ದೇ ಈ ಹಾಳೆಯ ತಕರಾರಿನಿಂದ ಎನ್ನಬೇಕು.

ಅಷ್ಟರಲ್ಲಿ ಅವಳು ಬಸುರಿಯಾದಳು. ದುರ್ಗದ ಡಾಕ್ಟರಮ್ಮ ನೋಡಿ, ರಕ್ತ ಕಡಿಮೆ ಇದೆ, ಜೋಪಾನ ಎಂದರು. ಅವರು ಹೇಳಿದ್ದು ಅಷ್ಟೇ. ನನಗೆ ಕೇಳಿಸಿದ್ದು ಬೇರೆ. ನನ್ನ ಅಕ್ಕ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡವಳು. ಆಗ ನಾನು ಹೊರಗಿನ ಕಟ್ಟೆಯ ಮೇಲೆ ಕೂತಿದ್ದೆ. ಒಳಗಿನ ಕೂಗು ನಿಂತದ್ದು ಕೇಳಿ, ಹೆರಿಗೆಯಾಯಿತು ಎಂದು ಸಂತೋಷಪಟ್ಟವನು. ಆ ಸಂತೋಷಕ್ಕಾಗಿ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಕಮಲಳ ಮುಂದೆ ಅಕ್ಕನ ಹೆಸರನ್ನೇ ಎತ್ತುತ್ತಿರಲಿಲ್ಲ. ಒಳಗೊಳಗೇ ಒಂದು ಹುಚ್ಚು ಪಂದ್ಯ ಕಟ್ಟಿಕೊಂಡೆ: ಚಿತ್ರಕಥೆ ಒಂದು ವಾರವೂ ತಪ್ಪದೆ ಕೂಡಿಬಂದರೆ ಇವಳ ಹೆರಿಗೆ ಸುಸೂತ್ರ. ನಗಬೇಡಿ. ಹೆದರಿದವನಿಗೆ ಹಿಡಿದುಕೊಳ್ಳಲು ಏನಾದರೊಂದು ಬೇಕು.

ಸವಾರ ಬಂಡೆಯ ಅಂಚಿಗೆ ಒಂದೇ ಕೈಯಲ್ಲಿ ಜೋತುಬಿದ್ದಿದ್ದ ವಾರ ಮುಗಿದು, ಮುಂದಿನ ವಾರ ಬಂತು. ಕಚೇರಿಯಿಂದ ಬಂದವನು ಕೈಯೊಡ್ಡಿದೆ.

"ಪೇಪರ್ ಬಂದಿಲ್ರಿ ಈ ವಾರ," ಎಂದಳು ಕಮಲ.

ಬಸ್‌ಸ್ಟ್ಯಾಂಡಿನ ಏಜೆಂಟನ ಬಳಿ ಓಡಿದೆ. ಅವನು, "ಬಾಗ್ಲಾಗೆ ಹಾಕಿ ಹೋಗೀನಲ್ಲ ಸಾರ್. ಈಗ ಒಂದೂ ಉಳಿದಿಲ್ಲ ನೋಡ್ರಿ," ಎಂದ. ತಿರುಗಿ ಬಂದು ಹೇಳಿದರೆ ಕಮಲ, "ಹಂಗಾರೆ ಪಕ್ಕದ ಮನೆ ಆಡು ತಿಂದಿರ್ಬೇಕು ಬಿಡ್ರಿ," ಎಂದಳು. ಆ ಆಡು ಗೋಡೆಯ ಸಿನಿಮಾ ಪೋಸ್ಟರನ್ನೇ ಕಿತ್ತು ತಿನ್ನುವಂಥದ್ದು, ನಂಬದಿರಲು ಕಾರಣವಿರಲಿಲ್ಲ. ಆಮೇಲೆ ಅದು ಎದುರಿಗೆ ಬಂದಾಗಲೆಲ್ಲ ನನ್ನ ಹೆಂಡತಿಯ ಆಯುಷ್ಯವನ್ನೇ ಮೆಲುಕು ಹಾಕುತ್ತಿದೆ ಎನ್ನಿಸಿ ಮೈ ಉರಿಯುತ್ತಿತ್ತು.

ಆ ವಾರವೆಲ್ಲ ಹುಡುಕಾಟವೇ ಆಯಿತು. ಚಿತ್ರದುರ್ಗದ ರದ್ದಿ ಅಂಗಡಿಯಲ್ಲಿ ಮೊಣಕಾಲುದ್ದ ಧೂಳಿನಲ್ಲಿ ಕೂತು ಹುಡುಕಿದೆ. ಕಚೇರಿ ಕೆಲಸಕ್ಕೆಂದು ಹೊಸದುರ್ಗಕ್ಕೆ ಹೋದಾಗ ಸಹೋದ್ಯೋಗಿಯ ಮನೆಯಲ್ಲಿ ಕೇಳಿದೆ. ಆ ಮನೆಯಾಕೆ ಪತ್ರಿಕೆ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದರು. "ಕುಂತ್ಕಳ್ರಿ. ಮನೇರು ಚೆನ್ನಾಗವ್ರಾ? ಏನಾದ್ರೂ ವಿಶೇಷ ಐತೋ?" ಎಂದರು. ನಾನು ನಾಚಿಕೊಂಡೇ ಹೌದೆಂದೆ. ಅವರ ಮುಖ ಬದಲಾಯಿತು. ಪತ್ರಿಕೆಯನ್ನು ಸೆರಗಿನ ಹಿಂದೆ ಸರಿಸಿ, "ಇದು ನೀವು ಹೇಳಿದ ವಾರದ್ದಲ್ಲ ಬಿಡ್ರಿ," ಎಂದು ಒಳಗೆ ಹೋದರು. ಅದೇ ವಾರದ್ದು! ಹೊದಿಕೆಯ ಮೇಲಿನ ತಾರೀಖು ನನಗೆ ಕಂಡಿತ್ತು. ಇಡೀ ಜಿಲ್ಲೆಯೇ ಸೇರಿ ನನಗೆ ಏನನ್ನೋ ಮುಚ್ಚಿಡುತ್ತಿದೆ ಎಂಬ ಅನುಮಾನ ಅಲ್ಲಿಂದ ಹತ್ತಿತು.

ಕೊನೆಗೆ ಸಿಕ್ಕಿದ್ದು ಚಿಕ್ಕಜಾಜೂರಿನಲ್ಲಿ. ಅಲ್ಲಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ನಮ್ಮೂರ ಕಡೆಯ ಹಿರಿಯಾಕೆ ಒಬ್ಬರು ಪತ್ರಿಕೆಗಳನ್ನು ಒಂದೂ ಬಿಡದೆ ಓದುವವರು. ಅವರೂ ಮನೆಯಲ್ಲಿ ವಿಶೇಷವೇ ಎಂದು ಕೇಳಿ, ನಾನು ಹೌದೆಂದೊಡನೆ ಕೊಡಲು ತೆಗೆದ ಪತ್ರಿಕೆಯನ್ನು ಹಿಂದಕ್ಕೆ ಎಳೆದುಕೊಂಡರು. ಈ ಸಲ ನಾನು ಬಿಡಲಿಲ್ಲ. "ದೊಡ್ಡಮ್ಮ, ಎಲ್ರೂ ಯಾಕೆ ಹಿಂಗೆ ಮುಚ್ಚಿಡ್ತೀರಿ?" ಎಂದೆ.

"ಆ ಕಾದಂಬರಿ ಓದಿಲ್ವೇನಪ್ಪ ನೀನು?"

"ನಾನು ಚಿತ್ರ ನೋಡೋನು."

"ಅಂಗಾರೆ ಇಲ್ಲೇ ಕುಂತು ಓದು. ಮನೆಗೆ ಒಯ್ಯಬ್ಯಾಡ. ಇಂಥದ್ದನ್ನ ಬಸುರಿ ಓದಬಾರ್ದು, ಕಿವಿ ಮ್ಯಾಲೂ ಹಾಕ್ಕಬಾರ್ದು," ಎಂದು ಕೈಗಿತ್ತರು.

ಓದಿದೆ. ಆ ವಾರ ಕಾದಂಬರಿಯ ನಾಯಕಿ ಹೆರಿಗೆಯಲ್ಲಿ ಸಾಯುತ್ತಾಳೆ. ಬರೆದವರು ಏನನ್ನೂ ಬಿಟ್ಟಿರಲಿಲ್ಲ. ಹೊರಗೆ ಕೂತವರನ್ನೂ ಬಿಟ್ಟಿರಲಿಲ್ಲ. ದೊಡ್ಡಮ್ಮ ನೀರು ಕೊಟ್ಟರು. ಆ ಹಾಳೆಗಾಗಿ ಊರೂರು ಸುತ್ತಿದವನು ಅದನ್ನು ತಿರುಗಿಸಿ ಸವಾರ ಏನಾದನೆಂದು ಕೂಡ ನೋಡಲಿಲ್ಲ. ಅಲ್ಲೇ ಬಿಟ್ಟು ಎದ್ದೆ.

ಮನೆಗೆ ಬಂದು, "ಎಲ್ಲೂ ಸಿಗಲಿಲ್ಲ, ಆ ವಾರ ಈ ಕಡೆಗೆ ಬಂದೇ ಇಲ್ಲವಂತೆ," ಎಂದೆ. "ಹೋಗ್ಲಿ ಬಿಡ್ರಿ," ಎಂದಳು ಕಮಲ. ಮುಂದಿನ ವಾರದ ಹಾಳೆಯನ್ನು ಹೇಗೆ ತಪ್ಪಿಸುವುದೆಂದು ನಾನು ತಲೆ ಕೆಡಿಸಿಕೊಂಡಿದ್ದರೆ, ಅವಳೇ ಅದನ್ನು ನನ್ನತ್ತ ತಳ್ಳಿ, "ನೀವೇ ಇಟ್ಕಳ್ರಿ. ಆ ಕತೆ ಯಾಕೋ ಬ್ಯಾಸರ ಆತು," ಎಂದಳು. ದೇವರು ದೊಡ್ಡವನು ಎಂದುಕೊಂಡೆ.

ಆಮೇಲಿನ ತಿಂಗಳುಗಳನ್ನು ಹೇಗೆ ಕಳೆದೆನೋ. ಅವಳು ಹೆರಿಗೆಗೆ ಆದಿವಾಲಕ್ಕೆ ಹೋದ ಮೇಲಂತೂ ತಂತಿಯವನ ಸೈಕಲ್ ಗಂಟೆ ಕೇಳಿದರೆ ಗೋಡೆ ಹಿಡಿಯುತ್ತಿದ್ದೆ. ಪಂದ್ಯ ಸೋತಾಗಿತ್ತಲ್ಲ, ಕಂತೆಯಲ್ಲಿ ಒಂದು ಹಾಳೆ ಇರಲಿಲ್ಲ. ಆದರೂ ಹಿರಿಯೂರಿನ ಆಸ್ಪತ್ರೆಯಲ್ಲಿ ಹೆರಿಗೆ ಸಲೀಸಾಗಿಯೇ ಆಯಿತು. ಮಗಳು ಹುಟ್ಟಿದಳು. ಅಷ್ಟು ದಿನ ಕಮಲಳಿಗೆ ಏನೂ ತಿಳಿಯದಂತೆ ಹೆದರಿಕೆಯನ್ನೆಲ್ಲ ನಾನೊಬ್ಬನೇ ಹೊತ್ತೆ ಎಂದು ನನಗೊಂದು ಸಣ್ಣ ಜಂಬ ಇತ್ತು. ಇಷ್ಟು ವರ್ಷವೂ ಇತ್ತು.

ಮೊನ್ನೆ ಕಾಫಿ ಲೋಟ ಒಳಗಿಟ್ಟು ಬಂದ ಕಮಲ, ಉಪನ್ಯಾಸಕರ ಮುಂದೆ ನಾಲ್ಕು ಮಡಿಕೆಯ ಒಂದು ಹಾಳೆ ಇಟ್ಟಳು. "ಇದೇ ನೋಡ್ರಿ ನೀವು ಕೇಳಿದ್ದು."

ಅವರು ಬಿಡಿಸಿದರು. ಮಡಿಕೆಗಳ ಗುಂಟ ಕಾಗದ ಸವೆದಿತ್ತು. ಸಂತೋಷದಿಂದ ಅದನ್ನು ಕಂತೆಯ ಖಾಲಿ ಜಾಗಕ್ಕೆ ಹೊಂದಿಸಿ ನೋಡಿದರು. ನಾನು ನೋಡಿದ್ದು ಕಮಲಳನ್ನು.

"ಆಡು ತಿಂದಿತ್ತಲ್ಲ?" ಎಂದೆ.

"ಪಾಪ, ಅದ್ಯಾಕೆ ತಿಂತತಿ. ಪೇಪರ್ ಬಂದ ಗಳಿಗೇಲೇ ನಾನು ಓದಿದ್ದೆ. ನೀವು ಹಿಂದುಮುಂದು ತಿರುಗಿಸಿ ನೋಡಿಬಿಟ್ರೆ ಉಣ್ಣಂಗಿಲ್ಲ, ಮಲಗಂಗಿಲ್ಲ ಅಂತ ಬಚ್ಚಿಟ್ಟೆ. ನಿಮ್ಮಕ್ಕ ಹೆಂಗೆ ಹೋದ್ರು ಅಂಬದು ನಂಗೆ ಗೊತ್ತಿಲ್ವೇನ್ರಿ? ನಿಮ್ಮವ್ವ ಹೇಳಿದ್ರು."

"ಮತ್ತೆ ನಿನಗೆ? ನಿನಗೆ ಹೆದರಿಕೆ ಆಗಲಿಲ್ಲವಾ?"

"ಆಗದೆ ಇರ್ತತಾ? ಹೆರೋಳು ನಾನು," ಎಂದಳು. "ಯಾರ ಹತ್ರ ಹೇಳ್ಕಳ್ಲಿ? ನಿಮ್ಮ ಹತ್ರಾನಾ?"

ಉಪನ್ಯಾಸಕರು ಹಾಳೆಯನ್ನು ಚಿತ್ರದ ಕಡೆಗೆ ತಿರುಗಿಸಿ ನನ್ನ ಕೈಗೆ ಕೊಡಲು ಬಂದರು. ಇನ್ನೊಂದು ದಿನ ಬನ್ನಿ ಎಂದು ಅವರನ್ನು ಬೀಳ್ಕೊಟ್ಟೆ. ಕಮಲ ಒಳಗೆ ಹೊರಟಿದ್ದಳು. ನಿಲ್ಲಿಸಿ, ಪಕ್ಕದಲ್ಲಿ ಜಾಗ ಮಾಡಿ, "ಈಗ ಹೇಳು," ಎಂದೆ. ಮೊದಲು ನಕ್ಕಳು. ಆಮೇಲೆ ಕೂತು ಹೇಳತೊಡಗಿದಳು.